ಬುಧವಾರ ಕಳೆದ ಬೆಳಗಿನ ಜಾವ

ಮೊನ್ನೆ ನಮ್ಮ ಬೀದಿಯ ಒಬ್ಬಾಕೆ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದರು. "ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಹಸು ನುಗ್ಗಿಸ್ತೀವಿ, ಬಂದ್ಬುಡಿ" ಎಂದರು. ಕುಂಕುಮ ಇಟ್ಟುಕೊಂಡು 'ಆಗಲಿ' ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಹಾಗೆ ಬಿಡುವವಳಲ್ಲ. "ಗುರುವಾರ ರಾತ್ರಿ ಮಲಗಿ ಏಳೋ ಬೆಳಗಿನ ಜಾವವೋ, ಶುಕ್ರವಾರ ರಾತ್ರಿ ಮಲಗಿ ಏಳೋದೋ?" ಎಂದು ಕೇಳಿದೆ. ಆಕೆ ಹೇಳಿದರು. "ಹಾಗಾದರೆ ಗುರುವಾರ ಸಂಜೆಗೇ ತೋರಣ ಕಟ್ಟಿರ್ತೀರಿ ಅಲ್ವಾ?" ಎಂದೆ. ಅದಕ್ಕೂ ಹೇಳಿದರು. ಮೂರನೆಯ ಪ್ರಶ್ನೆಗೆ ಆಕೆಗೇ ಅನುಮಾನ ಬಂದು, ನಮ್ಮ ಜಗಲಿಯ ಮೇಲೆ ನಿಂತೇ ಗಂಡನಿಗೆ ಫೋನು ಹಚ್ಚಿದರು.

"ಇದು ಕಾಯಿಲೆ ಅಮ್ಮ" ಎಂದು ಮಗಳು ತೀರ್ಪು ಕೊಟ್ಟಳು. ಇರಬಹುದು. ಆದರೆ ಈ ಕಾಯಿಲೆ ಎಲ್ಲಿ ಹತ್ತಿತು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಕೆ.ಆರ್. ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ, ನಾನು ವೆಬ್ ಪುಟ ಬರೆಯಲು ಕಲಿತಾಗ.

ಹೆದರಿಕೆ ನನಗೆ ತಾಯಿಯ ಕಡೆಯ ಆಸ್ತಿ. ನಮ್ಮವ್ವ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಮತ್ತೆ ವಾಪಸ್ಸು ಬಂದು ಎಳೆದು ನೋಡುತ್ತಿದ್ದಳು. ಬೀಗ ಭದ್ರವಾಗಿಯೇ ಇರುತ್ತಿತ್ತು, ಬಸ್ಸು ಮಾತ್ರ ಹೊರಟುಹೋಗಿರುತ್ತಿತ್ತು. ಅಪ್ಪ ಇದಕ್ಕೆ ತದ್ವಿರುದ್ಧ. ಅಪ್ಪ ಮರಗೆಲಸದವರು, ಊರಿನ ಅರ್ಧ ಮನೆಗಳ ಬಾಗಿಲು ಅವರ ಕೈಯದೇ. ಹಲಗೆಗೆ ಒಂದು ಸಲ ಗೆರೆ ಎಳೆದರೆ ತಿರುಗಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಇಬ್ಬರ ಗುಣವನ್ನೂ ಹದವಾಗಿ ಬೆರೆಸಿ ನನಗೆ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಕೆಲಸ ಮಾಡುವಾಗ ಅಪ್ಪನ ಧೈರ್ಯ, ಮಾಡಿಯಾದ ಮೇಲೆ ಅವ್ವನ ಭಯ, ಹೀಗೆ ತಲೆಕೆಳಗಾಗಿ ಬಂತು.

ಬಿ.ಎಸ್ಸಿ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಆ ಛತ್ರದ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ್ದೆ. ಮ್ಯಾನೇಜರು ಬೋರಪ್ಪನವರು. ಕಿವಿಯಲ್ಲಿ ಕಡುಕು, ಹೆಗಲಲ್ಲಿ ಟವಲು, ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ. ಯಾವ ದಿನ ಯಾರ ಮದುವೆ ಎಂಬುದೆಲ್ಲ ಆ ಪುಸ್ತಕದಲ್ಲಿ. ಅದನ್ನು ಮೊದಲ ಸಲ ತೆರೆದಾಗ ನನಗೆ ನಗು ಬಂದಿತ್ತು. ಎಡಬದಿಗೆ ತಾರೀಖುಗಳು ಸಾಲಾಗಿವೆ, ಸರಿ. ಆದರೆ ಹೆಸರು ಬರೆಯುವ ಗೆರೆಗಳು ತಾರೀಖಿನ ಎದುರಿಗಿಲ್ಲ, ಎರಡು ತಾರೀಖಿನ ನಡುವೆ ಇವೆ. ವಯಸ್ಸಾದವರು, ಸ್ಕೇಲು ಜಾರಿರಬೇಕು ಎಂದುಕೊಂಡೆ. ಅವರನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಛತ್ರದ ಮುಂಭಾಗದ ಅಂಗಡಿ ಸಾಲಿನ ಮಹಡಿಯ ಮೇಲೆ ಒಂದು ಕಂಪ್ಯೂಟರ್ ತರಬೇತಿ ಕೋಣೆ ಶುರುವಾಗಿತ್ತು. ಕಲಿಸುವವರು ಸಲೀಂ ಸರ್. ಶ್ರೀರಂಗಪಟ್ಟಣದವರು, ವಾರದಲ್ಲಿ ಮೂರು ದಿನ ಪಾಂಡವಪುರದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರು. ಫ್ಲಾಪಿಗಳು ಬಿಸಿಲಿಗೆ ಕೆಡುತ್ತವೆಂದು ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ತರುತ್ತಿದ್ದರು, ಹೀಗಾಗಿ ನಮ್ಮ ಪಾಠಗಳಿಗೆಲ್ಲ ಸ್ವಲ್ಪ ಪಲಾವಿನ ವಾಸನೆ ಇತ್ತು. ಮಧ್ಯಾಹ್ನ ಮದುವೆ ಮುಗಿದು ಛತ್ರ ತೊಳೆಯುವ ಹೊತ್ತಿಗೆ ನಾನು ಮೆಟ್ಟಿಲು ಹತ್ತುತ್ತಿದ್ದೆ.

ಇಂಟರ್‌ನೆಟ್ ಎಂಬುದು ಆಗ ನಮ್ಮೂರಿಗೆ ಬಂದಿರಲಿಲ್ಲ. ಇಲ್ಲದ ಇಂಟರ್‌ನೆಟ್ಟಿಗೆ ಪುಟ ಬರೆಯುವುದನ್ನು ಕಲಿಯುವುದು, ನೀರಿಲ್ಲದ ಬಾವಿಯಲ್ಲಿ ಈಜು ಕಲಿತ ಹಾಗೆ ಎಂದು ಅಪ್ಪ ನಕ್ಕಿದ್ದರು. ಸಲೀಂ ಸರ್ ಅದಕ್ಕೂ ಉಪಾಯ ಮಾಡಿದ್ದರು. ಮಹಡಿಯ ಕಂಪ್ಯೂಟರಿನಿಂದ ಕೆಳಗೆ ಛತ್ರದ ಕಚೇರಿಯ ಹಳೆಯ ಕಂಪ್ಯೂಟರಿಗೆ ಕಿಟಕಿಯ ಮೂಲಕ ಒಂದು ಕೇಬಲ್ಲು ಇಳಿಬಿಟ್ಟರು. ಮೇಲೆ ಬರೆದ ಪುಟ ಕೆಳಗೆ ಕಾಣಿಸಿತು. ಜಗತ್ತಿಗೆಲ್ಲ ಹರಡುವ ಜಾಲವಂತೆ, ನಮ್ಮದು ಹದಿನೆಂಟು ಮೆಟ್ಟಿಲಿನಷ್ಟು ಹರಡಿತ್ತು.

"ನೋಡಿ ಮೇಡಂ" ಎನ್ನುತ್ತಿದ್ದರು ಸಲೀಂ ಸರ್, "ಮದ್ವೆ ಕಾರ್ಡು ಒಂದ್ಸಲ ಪ್ರಿಂಟಾದ್ರೆ ಖತಂ. ಹೆಸರು ಬದಲಾಗಲ್ಲ. ಅದು ಸತ್ತ ಪುಟ. ನಿಮ್ಮ ಛತ್ರದ ಬಾಗಿಲಲ್ಲಿ ಬೋರ್ಡು ಇದೆಯಲ್ಲ, ಥರ್ಮಾಕೋಲ್ ಅಕ್ಷರ ಚುಚ್ಚೋದು? ಬೋರ್ಡು ಅದೇ, ಹೂವು ಅದೇ, ಹೆಸರು ಮಾತ್ರ ದಿನಾ ಬೇರೆ. ನಾವು ಬರೆಯೋದು ಅಂಥ ಪುಟ. ಯಾರು ಬಂದು ಏನು ಕೇಳಿದ್ರು ಅಂತ ನೋಡ್ಕೊಂಡು ಆ ಕ್ಷಣಕ್ಕೆ ತಯಾರಾಗೋ ಪುಟ."

ಇದಕ್ಕಾಗಿ ಅವರೇ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಪುಟ್ಟ ಫೈಲುಗಳ ಒಂದು ಕಟ್ಟು ಮಾಡಿದ್ದರು. ಒಂದು ಫೈಲು ಬಂದವರು ಯಾವ ಪುಟ ಕೇಳಿದರೆಂದು ನೋಡುತ್ತಿತ್ತು. ಇನ್ನೊಂದು ಅವರು ತುಂಬಿದ್ದನ್ನು ಓದುತ್ತಿತ್ತು. ಮತ್ತೊಂದು ಅದನ್ನು ಜೋಪಾನವಾಗಿ ಎತ್ತಿಡುತ್ತಿತ್ತು. ಕೊನೆಯದು ಥರ್ಮಾಕೋಲ್ ಚುಚ್ಚುವ ಕೆಲಸದ್ದು. ದೊಡ್ಡ ಕಂಪನಿಗಳ ಭಾರದ ಸಾಮಾನು ನಮಗ್ಯಾಕೆ, ಇದು ಹಗುರವಾದ ಚೌಕಟ್ಟು, ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತದೆ, ಉಳಿದದ್ದು ನಿಮ್ಮ ಬುದ್ಧಿ ಎನ್ನುತ್ತಿದ್ದರು. ಆ ಉಳಿದದ್ದೇ ನನಗೆ ಭಯ.

ಒಂದು ಅರ್ಧವಿರಾಮ ಮರೆತರೆ ಪುಟ ಬರುತ್ತಿರಲಿಲ್ಲ, 'ಐನೂರು' ಎಂಬ ಸಂಖ್ಯೆಯೂ ಒಳಗಡೆ ಏನೋ ತಪ್ಪಾಗಿದೆ ಎಂಬ ಇಂಗ್ಲಿಷ್ ಸಾಲೂ ಬರುತ್ತಿದ್ದವು. ಏನು ತಪ್ಪು, ಎಲ್ಲಿ ತಪ್ಪು, ಹೇಳುತ್ತಿರಲಿಲ್ಲ. ಮಾತು ಬಿಟ್ಟ ಅತ್ತೆಯ ಹಾಗೆ. ಪ್ರತಿ ಸಲ ಕೀಲಿ ಒತ್ತುವ ಮುಂಚೆ ಕಣ್ಣು ಮುಚ್ಚುತ್ತಿದ್ದೆ. "ಅರೇ, ಕಣ್ಣು ಬಿಡಿ ಮೇಡಂ, ಬಾಂಬ್ ಅಲ್ಲ ಅದು" ಎನ್ನುವರು ಸಲೀಂ ಸರ್.

ಮೂರು ತಿಂಗಳಿಗೆ ನಾನು ಛತ್ರ ಕಾಯ್ದಿರಿಸುವ ಪುಟ ಬರೆದೆ. ಹೆಣ್ಣಿನ ಹೆಸರು, ಗಂಡಿನ ಹೆಸರು, ಊರು, ತಾರೀಖು, ಮುಹೂರ್ತದ ವೇಳೆ, ಐದು ಖಾನೆ. ಮುಹೂರ್ತದ ಹಿಂದಿನ ದಿನ ಮಧ್ಯಾಹ್ನದಿಂದ ಮುಹೂರ್ತದ ದಿನ ಮಧ್ಯಾಹ್ನದವರೆಗೆ ಛತ್ರ ಅವರದು. ಅಷ್ಟರಲ್ಲಿ ಬೇರೆಯವರು ಕೇಳಿದರೆ ಪುಟವೇ ಆಗುವುದಿಲ್ಲ ಎನ್ನುತ್ತದೆ. ಯುಗಾದಿಯಿಂದ ಪುಸ್ತಕ ಬೇಡ, ಎಲ್ಲ ಇದರಲ್ಲೇ ಎಂದು ಛತ್ರದ ಟ್ರಸ್ಟಿನವರು ಚಪ್ಪಾಳೆ ತಟ್ಟಿದರು. ಬೋರಪ್ಪನವರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. "ನೀವು ಓದ್ದೋರು ಕಣವ್ವ, ನಿಮ್ಗೇ ಗೊತ್ತಾಯ್ತದೆ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ.

ಅಪ್ಪನಿಗೆ ಚೌಕಟ್ಟು ಎಂಬ ಮಾತು ಹಿಡಿಸಿತ್ತು. ಕಂಪ್ಯೂಟರಿನಲ್ಲೂ ಚೌಕಟ್ಟು ಇದೆ ಎಂದಾಗ ಉಳಿ ಕೆಳಗಿಟ್ಟು ಕೇಳಿದರು. ಎಲ್ಲ ಕೇಳಿ ಹೇಳಿದ್ದು ಇಷ್ಟು: "ಚೌಕಟ್ಟು ನಿಲ್ಸೋನು ಮೊದ್ಲು ಆ ಮನೆ ಒಳೀಕೆ ಯಾರ್ ಯಾರ್ ಬತ್ತಾರೆ ಅಂತ ಕೇಳ್ಕಬೇಕು ಕಣವ್ವ. ಎತ್ತು ಒಳೀಕ್ಕೋಗೋ ಮನೆಗೆ ಎರಡೂವರೆ ಅಡಿ ಬಾಗ್ಲು ಮಡಗಿದ್ರೆ, ಎತ್ತು ಬೀದೀಲೇ ಇರ್ತದೆ." ನನಗೆ ಆಗ ಅದು ಬರೀ ಮರಗೆಲಸದ ಮಾತು ಎನ್ನಿಸಿತು.

ಬೇಸಿಗೆಯಲ್ಲಿ ಒಂದು ದಿನ ಗೌರಿ ಬಂದಳು, ಅವಳ ತಾಯಿಯೊಂದಿಗೆ. ಗೌರಿ ಬೂಕನಕೆರೆಯವಳು, ಹೈಸ್ಕೂಲಿನಲ್ಲಿ ನಾನು ಅವಳು ಒಂದೇ ಬೆಂಚು. ಅವಳ ಮದುವೆ ನಾಗಮಂಗಲದ ಕಡೆಯ ಗಂಡಿನೊಂದಿಗೆ ಗೊತ್ತಾಗಿ ಎರಡು ವರ್ಷವಾಗಿತ್ತು. ಮೊದಲ ಸಲ ಗಂಡಿನ ಮನೆಯಲ್ಲಿ ಸೂತಕ ಬಂದು ನಿಂತಿತು. ಎರಡನೆಯ ಸಲ ಅವಳಪ್ಪನಿಗೆ ಎತ್ತು ಹಾಯ್ದು ಆಸ್ಪತ್ರೆ ಸೇರಿದರು. ಊರಿನ ಬಾಯಿ ಗೊತ್ತಲ್ಲ, ಹೆಣ್ಣಿನ ಕಾಲ್ಗುಣ ಎಂದಿತು. ಇದೊಂದು ಸಲ ನೋಡ್ತೀವಿ, ಇದೂ ತಪ್ಪಿದರೆ ಬೇರೆ ಕಡೆ ನೋಡ್ಕೊತೀವಿ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರಂತೆ. ಇರುವುದು ಇದೊಂದೇ ಲಗ್ನ, ಆಮೇಲೆ ಆಷಾಢ.

"ಬುಧವಾರ ಕಣವ್ವ, ಬೆಳಗಿನ ಜಾವ ನಾಲ್ಕೂವರೆಗೆ ದಾರೆ" ಎಂದರು ಗೌರಿಯ ತಾಯಿ. ನಾನು ಬುಧವಾರದ ತಾರೀಖು ಹೊಡೆದೆ, ಬೆಳಿಗ್ಗೆ ನಾಲ್ಕೂವರೆ ಎಂದು ಹೊಡೆದೆ. ಪುಟ ಒಪ್ಪಿಕೊಂಡಿತು. ಪಕ್ಕದಲ್ಲಿ ಗೌರಿ ಕೂತು ಪರದೆಯ ಮೇಲೆ ತನ್ನ ಹೆಸರು ಮೂಡುವುದನ್ನು ನೋಡಿ ನಾಚಿಕೊಂಡಳು. ಒಂದು ವಾರ ಬಿಟ್ಟು ಅಕ್ಕಿಹೆಬ್ಬಾಳಿನವರು ಬಂದರು. ಅವರದು ಅದರ ಮಾರನೆಯ ದಿನ, ಗುರುವಾರ ಹತ್ತೂವರೆಗೆ ಮುಹೂರ್ತ. ಪುಟ ಅದನ್ನೂ ಒಪ್ಪಿಕೊಂಡಿತು.

ಮದುವೆಗೆ ಎಂಟು ದಿನ ಇದ್ದಾಗ, ಮಧ್ಯಾಹ್ನ, ಗೌರಿ ಲಗ್ನಪತ್ರಿಕೆ ಹಿಡಿದು ಬಂದಳು. ಅರಿಶಿನ ಹಚ್ಚಿದ ಮೊದಲ ಕಾರ್ಡು ನನಗೇ ಎಂದಳು. ಓದಿದೆ. 'ಗುರುವಾರ ಪ್ರಾತಃಕಾಲ 4-30ರಿಂದ 5-30ರೊಳಗೆ' ಎಂದಿತ್ತು.

ನಿಮಗೆ ತಿಳಿದೇ ಇದೆ. ನಮ್ಮ ಪಂಚಾಂಗದಲ್ಲಿ ದಿನ ಹುಟ್ಟುವುದು ಸೂರ್ಯನೊಂದಿಗೆ. ಸೂರ್ಯ ಹುಟ್ಟುವವರೆಗೂ ಹಿಂದಿನ ದಿನವೇ ನಡೆಯುತ್ತಿರುತ್ತದೆ. ಜೋಯಿಸರು ಬುಧವಾರ ಎಂದರು, ಗೌರಿಯ ತಾಯಿ ಬುಧವಾರ ಎಂದೇ ಹೇಳಿದರು, ಬುಧವಾರದ ರಾತ್ರಿ ಕಳೆದು ಬರುವ ಬೆಳಗಿನ ಜಾವ. ಪ್ರಿಂಟಿಂಗ್ ಪ್ರೆಸ್ಸಿನವನು ಬಲ್ಲವನು, ಜನ ತಪ್ಪು ತಿಳಿಯದಿರಲೆಂದು ಗುರುವಾರ ಎಂದು ಹಾಕಿದ್ದ. ನನ್ನ ಕಂಪ್ಯೂಟರಿಗೆ ಮಾತ್ರ ದಿನ ಬದಲಾಗುವುದು ನಡುರಾತ್ರಿ ಹನ್ನೆರಡಕ್ಕೆ. ಅದು ಗೌರಿಯ ಮದುವೆಯನ್ನು ಪೂರಾ ಒಂದು ದಿನ ಹಿಂದಕ್ಕೆ ತಳ್ಳಿ ಸುಮ್ಮನೆ ಕೂತಿತ್ತು. ಮಂಗಳವಾರ ರಾತ್ರಿ ಛತ್ರ ಬಿಕೋ ಎನ್ನುತ್ತದೆ. ಬುಧವಾರ ರಾತ್ರಿ ಎರಡು ದಿಬ್ಬಣ ಒಂದೇ ಬಾಗಿಲಿಗೆ ಬರುತ್ತವೆ.

ಆ ಸಾಲನ್ನು ಇನ್ನೊಮ್ಮೆ ಓದಿ ಅವಳ ಮುಖ ನೋಡಿದೆ. "ಯಾಕೆ ಅಂಗ್ ನೋಡ್ತೀಯ? ಬತ್ತೀಯ ತಾನೇ?" ಎಂದಳು ಗೌರಿ. "ಬರದೆ ಇರ್ತೀನಾ" ಎಂದೆ. ಹೌದು, ಅಷ್ಟೇ ಹೇಳಿದೆ. ಅವಳಿಗೆ ಕಾಫಿ ತರಿಸಿದೆ, ಸೀರೆಯ ಬಣ್ಣ ಕೇಳಿದೆ, ಬಸ್ಸು ಹತ್ತಿಸಿ ಕೈ ಬೀಸಿದೆ. ಈಗಲೂ ಆ ಅರ್ಧ ಗಂಟೆ ನೆನೆದರೆ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಮೆಟ್ಟಿಲು ಹತ್ತಿ ಓಡಿದೆ. ಸಲೀಂ ಸರ್ ನಾಲ್ಕೂ ಫೈಲು ತೆರೆದು ನೋಡಿದರು. "ಪ್ರೋಗ್ರಾಮು ಸರಿ ಇದೆ ಮೇಡಂ. ಅದು ಹೇಳಿದ್ದು ಮಾಡಿದೆ. ನಿಮ್ಮನೇಲಿ ದಿನ ಶುರು ಆಗೋದು ಸೂರಜ್ ಹುಟ್ಟಿದಾಗ. ನಮ್ಮನೇಲಿ ಸೂರಜ್ ಮುಳುಗಿದಾಗ. ಇದಕ್ಕೆ ಇಬ್ಬರೂ ಮಲಗಿರೋವಾಗ. ನಾನಾದರೂ ಹೇಳ್ಬೇಕಿತ್ತು, ನನಗೇ ಹೊಳೀಲಿಲ್ಲ" ಎಂದು ತಲೆ ಮೇಲೆ ಕೈಯಿಟ್ಟುಕೊಂಡರು.

ಒಂದು ಯೋಚನೆ ಬಂತು, ಮುಚ್ಚಿಡುವುದಿಲ್ಲ. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು. ನಿಮ್ಮಮ್ಮನೇ ಬುಧವಾರ ಎಂದರು, ಇಲ್ಲಿ ನೋಡಿ, ಬುಧವಾರ ಎಂದೇ ಇದೆ ಎಂದು ಪರದೆ ತೋರಿಸಿದರೆ ಯಾರೂ ನನ್ನನ್ನು ದೂರುವ ಹಾಗಿರಲಿಲ್ಲ. ಕಂಪ್ಯೂಟರು ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಊರಿನಲ್ಲಿ ಆಗ ಕಂಪ್ಯೂಟರು ತಪ್ಪು ಹೇಳುತ್ತದೆಂದು ನಂಬುವವರು ಒಬ್ಬರೂ ಇರಲಿಲ್ಲ. ಆ ಸಂಜೆಯೆಲ್ಲ ಈ ಯೋಚನೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದು, ಬೋರಪ್ಪನವರು ಇನ್ನೂ ಟವಲು ಕೊಡವುತ್ತಿದ್ದಾಗಲೇ, ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಬೀರು ತೆಗೆದು ಬಟ್ಟೆ ಬಿಚ್ಚಿ ಆ ಪುಸ್ತಕ ನನ್ನ ಮುಂದಿಟ್ಟರು. "ಅಲ್ಲ ಕಣವ್ವ, ಮದ್ವೆ ಅಂದ್ರೆ ರಾತ್ರಿ. ಸಂದೆಗೆ ಬತ್ತಾರೆ, ರಾತ್ರಿ ಇರ್ತಾರೆ, ದಾರೆ ನಾಲ್ಕು ಗಂಟೆಗಾದ್ರೂ ಆಗ್ಲಿ, ಹತ್ತು ಗಂಟೆಗಾದ್ರೂ ಆಗ್ಲಿ, ಉಂಡು ಓಯ್ತಾರೆ. ಅದ್ಕೇ ನಾನು ರಾತ್ರಿಗೊಂದು ಗೆರೆ ಆಕಿದ್ದು. ಎರಡು ತಾರೀಕಿನ ನಡುವೆ ಇರೋದು ರಾತ್ರಿ ತಾನೇ?" ಎಂದರು. ಸ್ಕೇಲು ಜಾರಿದ್ದಲ್ಲ. ಮೂವತ್ತು ವರ್ಷದ ಮದುವೆಗಳನ್ನು ನೋಡಿ ಎಳೆದ ಗೆರೆಗಳು ಅವು. ನಾನು ಅವನ್ನು ಒಂದೊಂದಾಗಿ ಎತ್ತಿ ತಾರೀಖಿನ ಎದುರಿಗೆ ಕೂರಿಸಿ, ನೇರ ಮಾಡಿದೆನೆಂದು ಬೀಗಿದ್ದೆ. ಅಳು ಬರಬೇಕಿತ್ತು, ಭಯಕ್ಕೆ ಅದೂ ಬರಲಿಲ್ಲ.

"ಮೊದ್ಲು ಅಕ್ಕಿಹೆಬ್ಬಾಳು" ಎಂದರು ಬೋರಪ್ಪನವರು. "ಅವ್ರ ಬಾಯಲ್ಲಿ ಒಂದು ಮಾತು ಈಸ್ಕೊಂಡು ಆಮೇಲೆ ಆ ಎಣ್ಣಿನ ಮನೆ ಬಾಗ್ಲು ತಟ್ಟಾನ. ಬರೀ ಕೈಲಿ ಓಗಿ ಯೋಳೋ ಸುದ್ದಿ ಅಲ್ಲ ಇದು."

ಅಕ್ಕಿಹೆಬ್ಬಾಳಿಗೆ ಬಸ್ಸಿನಲ್ಲಿ ಹೋಗುವಾಗ ಹೇಮಾವತಿ ಕಂಡಿತು. ಅದರ ಚೆಂದ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಣ್ಣಿನ ತಂದೆ ಜಗಲಿಯ ಮೇಲೆ ಕೂತು ಉಳಿದ ಕಾರ್ಡುಗಳ ಮೇಲೆ ಹೆಸರು ಬರೆಸುತ್ತಿದ್ದರು. ಬೋರಪ್ಪನವರು ಎರಡೂ ಕೈ ಮುಗಿದರು. "ತಪ್ಪು ನಂದು ಗೌಡ್ರೇ. ವಯಸ್ಸಾಯ್ತು, ಒಂದು ರಾತ್ರೀನ ಇಬ್ರಿಗೆ ಬರ್ದ್ಬುಟ್ಟಿವ್ನಿ" ಎಂದರು.

ಗೌಡರು ಎದ್ದೇ ನಿಂತರು. "ಏನಯ್ಯಾ ಅಂಗಂದ್ರೆ? ಏಳೂರಿಗೆ ಕಾರ್ಡ್ ಅಂಚ್ಬುಟ್ಟಿವ್ನಿ. ನೆಂಟ್ರುನ್ನ ರೈಲ್ವೇ ಸ್ಟೇಷನ್ನಲ್ಲಿ ಮನಗ್ಸಾನಾ?"

ಆ ವಯಸ್ಸಾದವರು ನನ್ನ ತಪ್ಪನ್ನು ತಮ್ಮ ಟವಲಿನಲ್ಲಿ ಕಟ್ಟಿಕೊಂಡು ನಿಂತಿದ್ದನ್ನು ನೋಡಲಾಗಲಿಲ್ಲ. "ಅವರಲ್ಲ, ನಾನು. ಕಂಪ್ಯೂಟರಿಗೆ ಹಾಕಿದ್ದು ನಾನು" ಎಂದೆ. ಗೌರಿಯ ಕತೆಯನ್ನೂ ಹೇಳಿದೆ, ಎರಡು ಸಲ ನಿಂತದ್ದು, ಗಂಡಿನವರು ಕೊಟ್ಟ ಗಡುವು, ಎಲ್ಲ. ಮಾತು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಐದು ಖಾನೆ, ಪರ್ಲ್ ಎಂದೆಲ್ಲ ಹೇಳತೊಡಗಿದ್ದೆ. ಒಳಗಿನಿಂದ ಗೌಡರ ಹೆಂಡತಿ ಮೊರದಲ್ಲಿ ಅಕ್ಕಿ ಹಿಡಿದು ಬಾಗಿಲಿಗೆ ಬಂದರು.

"ಮೂರ್ನೇ ಸಲಾನೂ ನಿಂತೋದ್ರೆ ಆ ಮಗೀನ ಯಾರು ಮದ್ವೆ ಆಯ್ತಾರೆ? ನಮ್ದೂ ಎಣ್ಣೇ ಅಲ್ವಾ ಒಳ್ಗಿರೋದು?" ಎಂದು ಗಂಡನಿಗೆ ಕೇಳಿದರು. "ರಾತ್ರಿ ಶಾಸ್ತ್ರ ಎಲ್ಲ ಮನೆ ಮುಂದೇನೇ ಮಾಡ್ಕಳಾನ. ನಮ್ದು ದಾರೆ ಹತ್ತೂವರೆಗೆ ತಾನೇ? ಆರ್ಗಂಟೆಗೆ ಅಲ್ಲಿಗೋಗಾನ. ಆರ್ಗಂಟೆಗೆ ಅಡ್ಗೆಮನೆ, ಊಟದ ಮನೆ ನಮ್ದು. ಅಷ್ಟ್ ಮಾಡ್ಕೊಡ್ಲಿ." ಗೌಡರು ಸ್ವಲ್ಪ ಹೊತ್ತು ಗುರುಗುಟ್ಟಿದರು. ಆಮೇಲೆ ಕೂತರು. ನಮಗೆ ನೀರು ಬೆಲ್ಲ ಬಂತು.

ಬೂಕನಕೆರೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ಮದುವೆ ನಿಲ್ಲುವುದಿಲ್ಲ, ಆದರೆ ಆರು ಗಂಟೆಗೆ ಊಟದ ಮನೆ ಬಿಡಬೇಕು ಎಂದು ಬೋರಪ್ಪನವರು ಹೇಳಿದಾಗ ಗೌರಿಯ ತಾಯಿ ಸೆರಗಿಗೆ ಮುಖ ಒತ್ತಿಕೊಂಡರು. ಗೌರಿ ಅಳಲಿಲ್ಲ. ನನ್ನನ್ನೇ ನೋಡಿದಳು. "ನಿನ್ ಪಕ್ಕದಲ್ಲೇ ಕುಂತಿದ್ನಲ್ಲೇ ರತ್ನಾ. ಯಾವ ರಾತ್ರಿ ಅಂತ ಒಂದು ಮಾತು ನನ್ನ ಕೇಳ್ಬಾರ್ದಾಗಿತ್ತಾ? ನೆನ್ನೇನೂ ಕಾಫಿ ಕುಡ್ಸಿ ಕಳ್ಸುದ್ಯಲ್ಲ, ಗೊತ್ತಿದ್ದೂ" ಎಂದಳು. ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆ ವಾರವೆಲ್ಲ ನನಗೆ ಮದುವೆ ಹೇಗೆ ನಡೆಯುತ್ತದೋ ಎಂಬ ಭಯದ ಜೊತೆಗೆ, ಇವಳು ಇನ್ನು ಮಾತಾಡುತ್ತಾಳೋ ಇಲ್ಲವೋ ಎಂಬ ಭಯವೂ ಸೇರಿಕೊಂಡಿತು. ಎರಡನೆಯದೇ ದೊಡ್ಡದಾಗಿತ್ತು.

ಬುಧವಾರ ಕಳೆದ ಬೆಳಗಿನ ಜಾವ, ಹೇಳಿದ ಹೊತ್ತಿಗೆ ಸರಿಯಾಗಿ ಧಾರೆಯಾಯಿತು. ನಾನು ಕಂಬಕ್ಕೆ ಒರಗಿ ಗಡಿಯಾರವನ್ನೂ ಬೀದಿಬಾಗಿಲನ್ನೂ ನೋಡುತ್ತಿದ್ದೆ. ಐದಕ್ಕೆಲ್ಲ ಅಕ್ಕಿಹೆಬ್ಬಾಳಿನ ಟ್ರಾಕ್ಟರು ಬಂದೇಬಿಟ್ಟಿತು, ಪಾತ್ರೆ, ಸೌದೆ, ಹೆಂಗಸರು ಸಮೇತ. ಜಗಳವಾಯಿತೆಂದುಕೊಂಡೆ. ಮುಂದೆ ಬಂದ ಗೌಡರ ಹೆಂಡತಿ ಅಕ್ಷತೆ ತಟ್ಟೆಯನ್ನು ಕಂಡು, ತಾವೂ ಒಂದು ಹಿಡಿ ತೆಗೆದು, ಜೊತೆಯ ಹೆಂಗಸರಿಗೂ ಕೊಟ್ಟರು. ತಾಳಿ ಕಟ್ಟುವಾಗ ಗುರುತಿಲ್ಲದ ಹುಡುಗಿಯ ತಲೆಯ ಮೇಲೆ ಅವರೆಲ್ಲರ ಅಕ್ಕಿಯೂ ಬಿತ್ತು.

ಉಳಿದದ್ದು ಬೂಮದ ಊಟ, ಹೊಸ ಗಂಡು ಹೆಣ್ಣು ಒಟ್ಟಿಗೆ ಕೂತು ಉಣ್ಣುವ ಶಾಸ್ತ್ರ. ಊಟದ ಮನೆ ಬಿಟ್ಟುಕೊಟ್ಟಾಗಿತ್ತು. ಹಿಂದಿನ ಸಂಜೆಯೇ ಸಲೀಂ ಸರ್ ಮಹಡಿಯ ಬೀಗದ ಕೈ ಕೊಟ್ಟು, "ನಮ್ಮ ಕ್ಲಾಸು ಇದೆಯಲ್ಲ ಮೇಡಂ, ಮೇಜು ಗೋಡೆಗೆ ಒತ್ತಿ" ಎಂದಿದ್ದರು. ಹಾಗೆ ಗೌರಿಯ ಬೂಮ ಕಂಪ್ಯೂಟರುಗಳ ನಡುವೆ, ನೆಲದ ಮೇಲೆ ಹಾಸಿದ ಬಾಳೆಯೆಲೆಯಲ್ಲಿ ಆಯಿತು. ನಾನು ತುಪ್ಪ ಬಡಿಸುತ್ತಿದ್ದೆ. ಅವಳ ಎಲೆಯ ಹತ್ತಿರ ಬಂದು ಬಗ್ಗಿದೆ.

"ಇದೇನಾ ಅದು?" ಎಂದಳು ಗೌರಿ, ತಲೆಯೆತ್ತದೆ. ಬೂಕನಕೆರೆಯ ಆ ದಿನದ ನಂತರ ಮೊದಲ ಮಾತು. "ಇದೇ" ಎಂದೆ. "ನನ್ ಎಸ್ರು ಎಲ್ಲದೆ, ತೋರ್ಸು." ತುಪ್ಪದ ಪಾತ್ರೆ ಕೆಳಗಿಟ್ಟು ಕಂಪ್ಯೂಟರು ಹಾಕಿದೆ, ಪುಟ ತೆಗೆದೆ. ಅವಳ ಹೆಸರು ಬುಧವಾರದ ಎದುರಿಗೆ ತಣ್ಣಗೆ ಕೂತಿತ್ತು. "ಈಗ ಸರ್ಯಾಗಿ ಬರಿ" ಎಂದಳು. ಮದುಮಗ ಅನ್ನ ಕಲಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ.

ಗುರುವಾರದ ತಾರೀಖು ಹೊಡೆದೆ, ನಾಲ್ಕೂವರೆ ಎಂದು ಹೊಡೆದೆ, ಅವಳ ಹೆಸರು, ಅವನ ಹೆಸರು, ಬೂಕನಕೆರೆ. ಕೀಲಿ ಒತ್ತಿದೆ. ಆ ದಿನ ಅಕ್ಕಿಹೆಬ್ಬಾಳಿನವರದು ಆಗಲೇ ಇತ್ತಲ್ಲ, ಅದು ನನಗೆ ನೆನಪಾಗುವ ಮೊದಲೇ ಪುಟ ತಯಾರಾಗಿ ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾನೇ ಬರೆದಿಟ್ಟಿದ್ದ ಸಾಲು. ಗೌರಿ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು: "ಕ್ಷಮಿಸಿ, ಈ ಮದುವೆಗೆ ಜಾಗ ಇಲ್ಲ."

ಗೌರಿ ಒಮ್ಮೆ ಪರದೆ ನೋಡಿದಳು, ಒಮ್ಮೆ ಕೊರಳಿನ ತಾಳಿ ನೋಡಿಕೊಂಡಳು. ನಗು ಶುರುವಾಯಿತು ನೋಡಿ, ಬಾಸಿಂಗ ಜಾರಿ ಕಿವಿಗೆ ಬಂತು, ಕೆಳಗೆ ಅಕ್ಕಿಹೆಬ್ಬಾಳಿನವರ ಓಲಗ ಶುರುವಾದರೂ ನಿಲ್ಲಲಿಲ್ಲ. "ಬುಡೇ, ಮದ್ವೆ ಆಗೋಯ್ತು ಅಂತ ಅದ್ಕೆ ಯೋಳಕ್ಕೋಗ್ಬೇಡ" ಎಂದಳು.

ನನಗೆ ನಗು ಬರಲಿಲ್ಲ. ಎಂಟು ದಿನದಿಂದ ಬಾರದ ಅಳು ಆಗ ಬಂತು. ಬೂಮಕ್ಕೆ ಕೂತ ಮದುಮಗಳು ಎಲೆ ಬಿಟ್ಟು ಏಳಬಾರದಂತೆ. ಗೌರಿ ಎದ್ದು ಬಂದಳು, ಅನ್ನ ಮೆತ್ತಿದ ಕೈಯಲ್ಲೇ ನನ್ನ ಕಣ್ಣು ಒರೆಸಿದಳು.